ಚಪ್ಪರದ ದ್ರಾಕ್ಷಿಗೆ ಎರಡು ಚಾಟ್ನಿ

ಇಂಡಿ, ಸಿಂದಗಿ ಕಡೆ ಮನೆಮುಂದೆ ಚಪ್ಪರ ಹಾಕಿ ಒಂದು ದ್ರಾಕ್ಷಿ ಬಳ್ಳಿ ಹಬ್ಬಿಸಿದವರದು ಒಂದೇ ದೂರು: ‘ನೆಳ್ಳ ಛಲೋ ಐತ್ರಿ, ಹಣ್ಣ ಮಾತ್ರ ಇಲ್ಲ.’ ಬಳ್ಳಿಯದೇನೂ ತಪ್ಪಿಲ್ಲ, ಅದಕ್ಕೆ ಕತ್ತರಿ ಬಿದ್ದಿಲ್ಲ, ಅಂದರೆ ಚಾಟ್ನಿ ಆಗಿಲ್ಲ ಅಷ್ಟೆ. ಚಳಿ ದೇಶದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೊಂದು ಚಾಟ್ನಿ ಸಾಕು. ನಮ್ಮ ಬಿಸಿಲಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಂಗಾಮು ಯಾವುದು ಅಂತ ಕತ್ತರಿಯೇ ಹೇಳಿಕೊಡಬೇಕು. ಅದಕ್ಕೇ ತಿಕೋಟಾದ ಪಡಗಳಲ್ಲಿ, ಅಂದರೆ ದ್ರಾಕ್ಷಿ ತೋಟಗಳಲ್ಲಿ, ಏಪ್ರಿಲ್‌ಗೊಮ್ಮೆ, ಅಕ್ಟೋಬರ್‌ಗೊಮ್ಮೆ ಚಾಟ್ನಿ.

ಚಪ್ಪರ ಮುಟ್ಟಿ, ತೋಳು ಬಲಿತ ಬಳ್ಳಿಗೆ ಈ ಕ್ರಮ. ಈ ವರ್ಷ ನೆಟ್ಟದ್ದನ್ನು ಸುಮ್ಮನೆ ಬೆಳೆಯಲು ಬಿಡಿ.

1. ಕೃಷಿ ಅಂಗಡಿಯಲ್ಲಿ ಸಿಕೇಟರ್ (ಚಾಟ್ನಿ ಕತ್ತರಿ) ಕೇಳಿ ತನ್ನಿ. ಅಡುಗೆಮನೆ ಕತ್ತರಿ ಬೇಡ, ಕಡ್ಡಿ ಸೀಳುತ್ತದೆ.

2. ಬಳ್ಳಿ ಗುರುತಿಸಿಕೊಳ್ಳಿ. ಚಪ್ಪರದ ಮೇಲೆ ಅಡ್ಡ ಮಲಗಿರುವುದು ತೋಳು. ಪಡದವರು ಅದನ್ನು ಓಲಾಂಡಾ ಅನ್ನುತ್ತಾರೆ. ಅದರಿಂದ ಹೊರಟ ಪೆನ್ಸಿಲ್ ದಪ್ಪದ್ದು ಕಡ್ಡಿ. ಕಡ್ಡಿಯ ಮೇಲೆ, ಎಲೆ ತೊಟ್ಟಿನ ಬುಡದಲ್ಲಿ ಜೋಳದ ಕಾಳಿನಷ್ಟು ಉಬ್ಬಿರುವುದು ಕಣ್ಣು. ಇನ್ನು ಎಲ್ಲ ಲೆಕ್ಕವೂ ಕಣ್ಣಿನದೇ.

3. ಏಪ್ರಿಲ್‌ನಲ್ಲಿ, ಯುಗಾದಿ ಮುಗಿದ ಮೇಲೆ, ಪ್ರತಿ ಕಡ್ಡಿಯ ಬುಡದಲ್ಲಿ ಒಂದೆರಡು ಕಣ್ಣು ಬಿಟ್ಟು ಉಳಿದದ್ದು ಕತ್ತರಿಸಿ. ತೋಳಿಗೆ ಕತ್ತರಿ ತಾಗಿಸಬೇಡಿ. ಚಪ್ಪರ ಬೋಳಾಗುತ್ತದೆ, ಮನೆಯವರು ‘ಬಳ್ಳಿ ಕೊಂದ್ರಿ’ ಅಂತಾರೆ. ಕಡಿದ ಬಾಯಿಂದ ನೀರೂ ತೊಟ್ಟಿಕ್ಕಬಹುದು. ಭಯಪಡಬೇಡಿ, ಬೇರಿಗೆ ಜೀವ ಇದೆ ಅಂತ ಅರ್ಥ.

4. ಚಿಗುರೊಡೆಯುವ ತನಕ ದಿನಾ ಸಂಜೆ ತೋಳಿನ ಮೇಲೆ ನೀರು ಚಿಮುಕಿಸಿ. ನೆರಳಿಲ್ಲದ ಬೋಳು ತೋಳು ನಮ್ಮ ಬಿಸಿಲಿಗೆ ಸುಡುತ್ತದೆ.

5. ಚಿಗುರು ಗಿಜಿಗಿಜಿ ಬಂದಾಗ ಅಂಗೈ ಅಗಲಕ್ಕೊಂದು ಉಳಿಸಿ ಮಿಕ್ಕದ್ದು ಮುರಿಯಿರಿ. ಹೊಸಬರ ಕೈ ನಡುಗುವುದು ಇಲ್ಲೇ. ಆದರೆ ಅಕ್ಟೋಬರ್ ನಂತರ ಬರುವ ಗೊಂಚಲು ಕಣ್ಣಿನೊಳಗೆ ಕೂಡುವುದು ಈ ಚಾಟ್ನಿಯಾದ 40ರಿಂದ 60 ದಿನದೊಳಗೆ. ಆಗ ಕಡ್ಡಿಗೆ ಬಿಸಿಲು ಬೀಳದಿದ್ದರೆ ಕಣ್ಣು ಕುರುಡಾಗಿ ಮುಂದೆ ಬರೀ ಎಲೆ. ಹಣ್ಣು ಕೊಡದ ಏಪ್ರಿಲ್ ಚಾಟ್ನಿಯೇ ದೊಡ್ಡದು ಅಂತ ನಾನು ಹೇಳುವುದು ಇದಕ್ಕೇ.

6. ಚಿಗುರಿಗೆ ಒಂಬತ್ತು ಎಲೆ ಬಂದಾಗ ಏಳು ಬಿಟ್ಟು ತುದಿ ಚಿವುಟಿ. ಚಿವುಟಿದಲ್ಲಿಂದ ಮರಿಕಡ್ಡಿ ಹೊರಟು, ಕೂಡಿದ ಜಾಗದಲ್ಲಿ ಗಂಟಾಗುತ್ತದೆ. ಥಾಮ್ಸನ್ ತಳಿಯ ಬಳ್ಳಿಗೆ ಈ ಗಂಟು ಬೇಕೇ ಬೇಕು. ಅದರ ಫಲದ ಕಣ್ಣು ಬುಡದಲ್ಲಿರುವುದಿಲ್ಲ.

7. ಮಳೆಗಾಲ ಪೂರ್ತಿ ಸುಮ್ಮನಿರಿ. ಯೂರಿಯಾ ಸುರಿಯಬೇಡಿ.

8. ಅಕ್ಟೋಬರ್‌ನಲ್ಲಿ, ಶೀಗಿ ಹುಣ್ಣಿಮೆ ಆಸುಪಾಸು, ಎಲೆ ಕೈಯಿಂದ ಬಿಡಿಸಿ ಗಂಟಿನ ಮೇಲೆ ಒಂದೆರಡು ಕಣ್ಣು ಬಿಟ್ಟು ಕತ್ತರಿಸಿ. ಗಂಟಿಲ್ಲದ ಕಡ್ಡಿಗೆ ಆರರಿಂದ ಎಂಟು ಕಣ್ಣು ಇರಲಿ. ಏಪ್ರಿಲ್ ರೂಢಿಯಲ್ಲೇ ಬುಡಕ್ಕೆ ಕಡಿದಿರೋ, ಆ ವರ್ಷದ ಹಣ್ಣು ಹೋಯಿತು. ಕಣ್ಣು ಬೇಗ ಒಡೆಯಲಿ ಅಂತ ಪಡದವರು ಹಚ್ಚುವ ಔಷಧಿ ವಿಷ. ಮಕ್ಕಳಾಡುವ ಅಂಗಳಕ್ಕೆ ಅದು ಬೇಡ. ನಾಲ್ಕು ಕಣ್ಣು ಕಡಿಮೆ ಒಡೆದರೆ ಒಡೆಯಲಿ.

9. ಅಂದೇ ಬೋರ್ಡೋ ದ್ರಾವಣ ಹೊಡೆಯಿರಿ. ಪ್ಲಾಸ್ಟಿಕ್ ಬಕೆಟ್‌ನ 5 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, ಇನ್ನೊಂದರ 5 ಲೀಟರ್‌ಗೆ 100 ಗ್ರಾಂ ಸುಣ್ಣ ಕರಗಿಸಿ ಎರಡನ್ನೂ ಕೂಡಿಸಿ. ಹೊಳಪಿನ ಚಾಕು ಒಂದು ನಿಮಿಷ ಅದ್ದಿ ನೋಡಿ. ಅಲಗು ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕೈಗೆ ಗ್ಲೌಸ್ ಇರಲಿ, ಆ ಚಾಕು ಮತ್ತೆ ಅಡುಗೆಗೆ ಬೇಡ.

10. ಹೊಸ ಚಿಗುರಿನಲ್ಲಿ ಹೂಗೊಂಚಲು ಕಂಡಾಗ ಚಿಗುರಿಗೊಂದೇ ಉಳಿಸಿ. ಗೊಂಚಲಿಲ್ಲದ ಬಡಕಲು ಚಿಗುರು ತೆಗೆಯಿರಿ.

11. ಕಾಯಿ ಮೆತ್ತಗಾಗುತ್ತಿದ್ದಂತೆ ಬಲೆ ಹೊದಿಸಿ, ಗಿಳಿಗಳು ನಿಮಗಿಂತ ಚುರುಕು.

12. ಅಕ್ಟೋಬರ್ ಚಾಟ್ನಿಯಾಗಿ 120-130 ದಿನಕ್ಕೆ, ಅಂದರೆ ಫೆಬ್ರುವರಿ ಹೊತ್ತಿಗೆ, ರುಚಿ ನೋಡಿ. ಮೇಲಿನ ಕಾಯಿ ತಿಂದು ಮೋಸಹೋಗಬೇಡಿ. ಗೊಂಚಲಿನ ತುತ್ತತುದಿಯದು ಕೊನೆಗೆ ಹಣ್ಣಾಗುವುದು. ಅದು ಸಿಹಿಯಾಗಿದ್ದರೆ ಸಿಕೇಟರ್ ತನ್ನಿ.