ಎಲೆ ಅಳಿಸಿದ ಮೇಲೂ ಬಂದ ಉತ್ತರ

ಟೊಮೆಟೊ ಎಲೆಯ ಫೋಟೊ ನೋಡಿ ರೋಗ ಹೇಳುವ ಪ್ರೋಗ್ರಾಂ ಬರೆಯುವುದು ನನ್ನ ಪಿಎಚ್‌.ಡಿ.ಯ ಮೊದಲ ವರ್ಷದ ಕೆಲಸ. ಕೋಲಾರದ ಕಡೆಯ ಒಂದು ತೋಟಕ್ಕೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ತೋಟದ ಯಜಮಾನರು ಮೊದಲ ದಿನವೇ ಹೇಳಿದ್ದರು: "ಚುಕ್ಕೆ ಬಿದ್ದಿರೋ ಎಲೆ ಎಷ್ಟು ಬೇಕಾದ್ರೂ ಕಿತ್ಕೊಳಮ್ಮ. ಚೆನ್ನಾಗಿರೋದು ಮಾತ್ರ ಮುಟ್ಬೇಡ. ನೆರಳು ಹೋದ್ರೆ ಕಾಯಿಗೆ ಬಿಸಿಲು ಬಡಿದು ಬೆಳ್ಳಗಾಗುತ್ತೆ."

ನ್ಯಾಯವಾದ ಮಾತು. ಹಾಗಾಗಿ ಅಂಗಮಾರಿ ಬಿದ್ದ ಎಲೆಗಳನ್ನು ತೋಟದಲ್ಲೇ ಕೆಂಪು ಮಣ್ಣಿನ ಮೇಲಿಟ್ಟು ಬಿಸಿಲಿನಲ್ಲಿ ಫೋಟೊ ತೆಗೆದೆ. ಆರೋಗ್ಯವಾದ ಎಲೆಗಳನ್ನು ನಮ್ಮ ಪಾಲಿಹೌಸ್‌ನ ಬೆಂಚಿನ ಮೇಲೆ, ಪ್ಲಾಸ್ಟಿಕ್ ಹೊದಿಕೆಯಿಂದ ಸೋಸಿ ಬರುವ ಮೆದುವಾದ ಬೆಳಕಿನಲ್ಲಿ ತೆಗೆದೆ. ಪ್ರೋಗ್ರಾಂ ಒಂದೇ ವಾರದಲ್ಲಿ ಎಲ್ಲವನ್ನೂ ಕಲಿತಿತು, ತಪ್ಪೇ ಮಾಡುತ್ತಿರಲಿಲ್ಲ. ಬೇರೆ ತೋಟದ ಫೋಟೊ ಕೊಟ್ಟ ದಿನ ಮಾತ್ರ ಒಳ್ಳೆಯ ಎಲೆಗೂ ರೋಗವೆಂದಿತು.

ಇದು ನನ್ನೊಬ್ಬಳ ಕಥೆಯಲ್ಲವೆಂದು ಓದುತ್ತ ಹೋದಾಗ ತಿಳಿಯಿತು. ಪ್ಲಾಂಟ್‌ವಿಲೇಜ್ ಎಂಬ ಹೆಸರಾಂತ ಸಂಗ್ರಹದಲ್ಲಿ 14 ಬೆಳೆಗಳ 54,306 ಎಲೆ ಚಿತ್ರಗಳಿವೆ. 2016ರಲ್ಲಿ ಅವುಗಳ ಮೇಲೆ ಕಲಿತ ಒಂದು ಪ್ರೋಗ್ರಾಂ, ಅದೇ ಸಂಗ್ರಹದ ಬೇರೆ ಚಿತ್ರಗಳಲ್ಲಿ ಶೇ. 99ಕ್ಕೂ ಹೆಚ್ಚು ಸರಿಯುತ್ತರ ಕೊಟ್ಟಿತ್ತು; ಹೊರಗಿನ ಚಿತ್ರಗಳಿಗೆ ಬಂದಾಗ ಶೇ. 31ರ ಆಸುಪಾಸಿಗೆ ಕುಸಿಯಿತು. ಅದನ್ನು ರೂಪಿಸಿದ ಸಂಶೋಧಕರೇ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಆಮೇಲೆ 2022ರಲ್ಲಿ ಇನ್ನೊಬ್ಬರು, ಅವೇ ಚಿತ್ರಗಳ ಹಿನ್ನೆಲೆಯಿಂದ ಬರೀ ಎಂಟು ಪಿಕ್ಸೆಲ್ ಆರಿಸಿಕೊಂಡು ಶೇ. 49ರಷ್ಟು ಸರಿಯುತ್ತರ ಪಡೆದರು.

ಅದನ್ನು ಓದಿದ ರಾತ್ರಿ ನನ್ನ ಫೋಟೊಗಳಿಂದ ಎಲೆಯನ್ನೇ ಅಳಿಸಿದೆ. ಉಳಿದದ್ದು ಮಣ್ಣು, ಬೆಂಚು, ನೆರಳು. ಪ್ರೋಗ್ರಾಂ ಆಗಲೂ ಹೆಚ್ಚುಕಮ್ಮಿ ಅವೇ ಉತ್ತರಗಳನ್ನು ಕೊಟ್ಟಿತು. ಎಂಟು ತಿಂಗಳ ದುಡಿಮೆಯಿಂದ ನಾನು ಅದಕ್ಕೆ ಕಲಿಸಿದ್ದು ಮಣ್ಣಿನ ಬಣ್ಣವನ್ನು. ಅಂದು ತುಂಬಾ ಹೊತ್ತು ಅತ್ತೆ.

ಮತ್ತೆ ಶುರುಮಾಡಿದಾಗ ಎಲೆ ಕೀಳುವುದನ್ನೇ ಬಿಟ್ಟೆ. ಒಂದೇ ಸಾಲಿನ ಗಿಡಗಳಲ್ಲಿ, ಒಂದೇ ಹೊತ್ತಿನಲ್ಲಿ, ರೋಗದ ಎಲೆಯ ಹಿಂದೆಯೂ ಒಳ್ಳೆಯ ಎಲೆಯ ಹಿಂದೆಯೂ ಒಂದೇ ಕಪ್ಪು ಬಟ್ಟೆ ಹಿಡಿದು ತೆಗೆದೆ. ಪ್ರತಿ ಚಿತ್ರದ ಮೂಲೆಯಲ್ಲಿ ಒಂದು ಬಿಳಿ ಬಿಲ್ಲೆ ಇರುತ್ತಿತ್ತು. ಎಲೆಯ ಹಸಿರು ಪತ್ರಹರಿತ್ತು ಕೆಂಪು ಬೆಳಕನ್ನು ನುಂಗುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಲೆಯೊಳಗಿನ ಜೀವಕೋಶಗಳ ಜೋಡಣೆ ಚದುರಿಸಿ ಹೊರಗೆ ಕಳಿಸುತ್ತದೆ. ಈ ಎರಡರ ಅನುಪಾತದಿಂದ ಗಿಡದ ಸ್ಥಿತಿ ತಿಳಿಯಬಹುದು. ಆದರೆ ಬಂದ ಬೆಳಕೆಷ್ಟು ಎಂದು ಗೊತ್ತಿಲ್ಲದೆ ಹೋದ ಬೆಳಕಿನ ಲೆಕ್ಕ ಹಾಕುವುದು ಹೇಗೆ? ಬಿಳಿ ಬಿಲ್ಲೆ ಹೇಳುವುದು ಅದನ್ನೇ. ಕೋಲಾರದ ಧೂಳು ಅದರ ಮೇಲೆ ಕೂತರೆ ಇಡೀ ದಿನದ ಅಳತೆ ಕೆಡುತ್ತದೆ, ಅದಕ್ಕೇ ಮೆತ್ತನೆಯ ಬಟ್ಟೆಯೊಂದು ಯಾವಾಗಲೂ ನನ್ನ ಚೀಲದಲ್ಲಿರುತ್ತದೆ.

ಎಲೆ ತಾನೇ ಸೂಸುವ ಬೆಳಕನ್ನು, ಅಂದರೆ ಪ್ರತಿದೀಪ್ತಿಯನ್ನು, ಅಳೆಯುವಾಗ ಇನ್ನೊಂದು ಕಲಿತೆ. ಕತ್ತಲಲ್ಲಿಟ್ಟ ಎಲೆಗೆ ಬೆಳಕು ಬಿಟ್ಟೊಡನೆ ಅದು ಮಂದವಾದ ಕೆಂಪು ಹೊಳಪನ್ನು ಸೂಸುತ್ತದೆ, ಹೊಳಪು ಏರಿ ಮತ್ತೆ ಇಳಿಯುತ್ತದೆ. ಹಾನ್ಸ್ ಕೌಟ್ಸ್ಕಿ 1931ರಲ್ಲಿ ಇದನ್ನು ವರದಿ ಮಾಡಿದರು. ಬಳಲದ ಎಲೆಯಲ್ಲಿ ಇದರಿಂದ ಬರುವ ಒಂದು ಅನುಪಾತ 0.83ರ ಹತ್ತಿರ ಇರುತ್ತದೆ. ಅಳೆಯುವ ಮೊದಲು ಎಲೆಗೆ ಕ್ಲಿಪ್ ಹಾಕಿ ಇಪ್ಪತ್ತು ನಿಮಿಷವಾದರೂ ಕತ್ತಲಲ್ಲಿಡಬೇಕು. ಮೊದಮೊದಲು ಅವಸರಕ್ಕೆ ಐದೇ ನಿಮಿಷಕ್ಕೆ ತೆಗೆಯುತ್ತಿದ್ದೆ. ಅಂಕಿ ಕಡಿಮೆ ಬರುತ್ತಿತ್ತು, ನಾನು ಅದನ್ನು ರೋಗವೆಂದೇ ಬರೆದುಕೊಳ್ಳುತ್ತಿದ್ದೆ.

ಕೋವಿಡ್ ಕಾಲದಲ್ಲಿ ಅಪ್ಪನ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ ಕೂತಿದ್ದು ಆಗ ನೆನಪಾಯಿತು. ಅದರಲ್ಲಿರುವುದೂ ಕೆಂಪು, ಅವಕೆಂಪು ಎರಡೇ ಬೆಳಕು. ಬೆರಳಿನಲ್ಲಿ ಚರ್ಮ, ಮೂಳೆ, ಮಾಂಸ ಎಲ್ಲವೂ ಬೆಳಕನ್ನು ತಡೆಯುತ್ತವೆ. ರಕ್ತದ ಪಾಲನ್ನು ಬೇರ್ಪಡಿಸುವುದು ಹೇಗೆ? ಜಪಾನಿನ ತಾಕುಓ ಅಓಯಾಗಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ಉಪಾಯ ನನಗೆ ಇಂದಿಗೂ ಬೆರಗು: ನಾಡಿಯೊಂದಿಗೆ ಏರಿಳಿಯುವ ಪಾಲನ್ನಷ್ಟೇ ತೆಗೆದುಕೊಂಡು, ಮಿಡಿಯದ್ದನ್ನೆಲ್ಲ ಲೆಕ್ಕದಿಂದ ಬಿಡುವುದು. ಮೊದಲು ಅವರು ಬೇರೊಂದು ಅಳತೆಯಲ್ಲಿ ತೊಡಗಿದ್ದಾಗ ಆ ಮಿಡಿತ ಬರೀ ಕಿರಿಕಿರಿಯಾಗಿತ್ತು.

ಆದರೂ ಚರ್ಮ ಪೂರ್ತಿ ಲೆಕ್ಕದಿಂದ ಹೊರಗೆ ಹೋಗಿರಲಿಲ್ಲ. ರಕ್ತದ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಆಕ್ಸಿಮೀಟರ್ ಅದನ್ನು ತೋರಿಸದೆ ಹೋಗುವುದು, ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ನನ್ನ ಕೆಂಪು ಮಣ್ಣಿನ ತಪ್ಪಿನಿಂದ ಯಾರ ಪ್ರಾಣಕ್ಕೂ ಕುತ್ತು ಬರಲಿಲ್ಲ. ಇಲ್ಲಿ ಬರಬಹುದಿತ್ತು. ಅಪ್ಪನದು ಗೋಧಿಗಿಂತ ಎಷ್ಟೋ ಕಪ್ಪಾದ ಬಣ್ಣ. 95 ಎಂಬ ಅಂಕಿಯನ್ನು ನೋಡಿ ಸುಮ್ಮನಾಗದೆ, ಆ ರಾತ್ರಿಯಿಡೀ ಅವರು ಉಸಿರೆಳೆಯುವುದನ್ನು ಎಣಿಸುತ್ತ ಪಕ್ಕದಲ್ಲೇ ಕೂತಿದ್ದೆ.

ಈಗಲೂ ತೋಟಕ್ಕೆ ಹೋದ ದಿನ ನನ್ನ ಮೊದಲ ಫೋಟೊದಲ್ಲಿ ಎಲೆ ಇರುವುದಿಲ್ಲ, ಒರೆಸಿಟ್ಟ ಬಿಳಿ ಬಿಲ್ಲೆ ಮಾತ್ರ ಇರುತ್ತದೆ. ಎಲೆಗಳು ಗಿಡದಲ್ಲೇ ಉಳಿಯುವುದರಿಂದ ಯಜಮಾನರು ನನ್ನನ್ನು ಒಳ್ಳೆಯ ಸಾಲಿಗೂ ಬಿಡುತ್ತಾರೆ.