ಗೊತ್ತಿದ್ದೂ ಹೆದರುವುದೇಕೆ?

ಪ್ರಶ್ನೆ: ಕೆಲ ತಿಂಗಳ ಹಿಂದೆ ತುಂಬಿದ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿ, ಪ್ರಾಣವೇ ಹೋಯಿತು ಅನ್ನಿಸಿತು. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಿದೆ ಎಂದರು ಡಾಕ್ಟರು. ಆದರೂ ಅಂದಿನಿಂದ ಬಸ್ ಹತ್ತಲು ಆಗುತ್ತಿಲ್ಲ. ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಮೆದುಳು ಮಾತು ಕೇಳುವುದಿಲ್ಲವೇಕೆ?
– ಓದುಗರೊಬ್ಬರು, ತಿಪಟೂರು

ಉತ್ತರ: ‘ಏನೂ ಆಗುವುದಿಲ್ಲ’ ಎಂದು ತಿಳಿದಿರುವ ಭಾಗ ಹಣೆಯ ಹಿಂದಿದೆ. ಹೆದರಿಕೆ ಎಬ್ಬಿಸುವ ಅಮಿಗ್ಡಲಾ ಇರುವುದು ಮೆದುಳಿನ ಒಳಗೆ, ಎಡಬಲಕ್ಕೆ ಒಂದೊಂದು, ಹೆಚ್ಚುಕಡಿಮೆ ಬಾದಾಮಿಯ ಆಕಾರದಲ್ಲಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೋಸೆಫ್ ಲೆಡೂ ಇಲಿಗಳಲ್ಲಿ ತೋರಿಸಿಕೊಟ್ಟಂತೆ, ಅಪಾಯದ ಸದ್ದು ಅಮಿಗ್ಡಲಾಕ್ಕೆ ಎರಡು ದಾರಿಗಳಲ್ಲಿ ಬರುತ್ತದೆ. ಯೋಚಿಸುವ ಹೊರಪದರವನ್ನು ಸುತ್ತಿ ಬರುವ ದಾರಿ ಸ್ಪಷ್ಟ, ಆದರೆ ನಿಧಾನ. ನೇರ ದಾರಿ ಅಸ್ಪಷ್ಟ, ಆದರೆ ಬೇಗ. ಬುದ್ಧಿ ಬಾಯಿ ಬಿಡುವಷ್ಟರಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಇಳಿದಾಗಿರುತ್ತದೆ. ಎದೆಬಡಿತ, ಅಂಗೈ ಬೆವರು, ಹೊಟ್ಟೆ ತೊಳಸುವುದು ಎಲ್ಲವೂ ಓಡಿಹೋಗಲು ದೇಹ ನಡೆಸುವ ತಯಾರಿ. ಜೊತೆಗೆ ಉಸಿರಾಟ ಜೋರಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ‘ಹಾರ್ಟ್ ಅಟ್ಯಾಕೇ ಇದು’ ಎಂದುಕೊಂಡಿರೋ, ಮತ್ತಷ್ಟು ಅಡ್ರಿನಲಿನ್.

ಹಾಗಂತ ಎಲ್ಲವನ್ನೂ ಅಮಿಗ್ಡಲಾದ ತಲೆಗೆ ಕಟ್ಟುವಂತಿಲ್ಲ. ವೈದ್ಯಕೀಯ ಲೇಖನಗಳಲ್ಲಿ ಎಸ್.ಎಂ. ಎಂದಷ್ಟೇ ಕರೆಯುವ ಅಮೆರಿಕದ ಮಹಿಳೆಯೊಬ್ಬರ ಎರಡೂ ಅಮಿಗ್ಡಲಾಗಳು ಅಪರೂಪದ ಆನುವಂಶಿಕ ಕಾಯಿಲೆಯಿಂದ ನಾಶವಾಗಿದ್ದವು. ಹಾವನ್ನು ಕೈಯಲ್ಲೇ ಹಿಡಿದರು, ಅಳುಕೇ ಇಲ್ಲ. ಆದರೆ 35% ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿಯನ್ನು ಉಸಿರಾಡಿಸಿದಾಗ ಅವರೂ ಕಂಗಾಲಾಗಿ ಮಾಸ್ಕ್ ತೆಗೆಯಲು ಹೋದರು. 2013ರಲ್ಲಿ ಪ್ರಕಟವಾದ ಈ ಪ್ರಯೋಗ ನಿಮ್ಮ ವಿಷಯಕ್ಕೆ ಹತ್ತಿರದ್ದು. ಹೊರಗಿನ ಹಾವಿನ ಭಯ ಬೇರೆ, ಒಳಗಿನ ಉಸಿರಿನ ಭಯ ಬೇರೆ. ನಿಮ್ಮ ಮಾತುಗಳನ್ನು ನೋಡಿದರೆ ನೀವೀಗ ಹೆದರುತ್ತಿರುವುದು ಬಸ್ಸಿಗಲ್ಲ, ಬಸ್ಸಿನಲ್ಲಿ ಹೊಡೆದುಕೊಳ್ಳುವ ನಿಮ್ಮದೇ ಎದೆಗೆ.

ಆ ಭಯ ಇಷ್ಟು ದಿನ ಉಳಿದದ್ದೇಕೆ? ಬಸ್ ಬೇಡವೆಂದು ಮನೆಗೆ ತಿರುಗಿದ ಪ್ರತಿ ಸಲವೂ ‘ಅಬ್ಬಾ’ ಅನ್ನಿಸಿರಬೇಕು. ಆ ನಿರಾಳವೇ ಕೇಡು. ಹತ್ತದೇ ಇದ್ದುದರಿಂದಲೇ ಬದುಕಿಕೊಂಡೆವು ಎಂದು ಮೆದುಳು ಲೆಕ್ಕ ಬರೆದುಕೊಳ್ಳುತ್ತದೆ. ಈ ಲೆಕ್ಕ ವಾದದಿಂದ ಅಳಿಯುವುದಿಲ್ಲ, ಅನುಭವವೇ ಆಗಬೇಕು.

ಮೊದಲು ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕುಳಿತು ಬನ್ನಿ. ಆಮೇಲೆ ಜನ ಕಡಿಮೆಯಿರುವ ಮಧ್ಯಾಹ್ನ ಒಂದು ಸ್ಟಾಪ್. ಹೊರಡುವ ಮುನ್ನ ‘ಪ್ರಜ್ಞೆ ತಪ್ಪಿ ಬೀಳುತ್ತೇನೆ’ ಎಂದೋ ಏನೋ, ನಿಮ್ಮ ನಿಜವಾದ ಭಯವನ್ನು ಚೀಟಿಯಲ್ಲಿ ಬರೆದಿಡಿ. ಇಳಿದ ಮೇಲೆ ಆದದ್ದನ್ನು ಅದರ ಕೆಳಗೇ ಬರೆಯಿರಿ. ದಿಗಿಲು ನೆತ್ತಿಗೇರಿದಾಗ ಇಳಿದುಬಿಡಬೇಡಿ, ಅಂದುಕೊಂಡ ಸ್ಟಾಪಿನವರೆಗೂ ಕುಳಿತಿರಿ. ಧೈರ್ಯಕ್ಕೆಂದು ಹಿಡಿದ ನೀರಿನ ಬಾಟಲಿ, ಜೇಬಿನ ಮಾತ್ರೆ, ದಾರಿಯುದ್ದಕ್ಕೂ ಮನೆಯವರ ಜೊತೆ ಫೋನು – ಇವನ್ನೂ ಒಂದೊಂದಾಗಿ ಬಿಡಬೇಕು. ಇಲ್ಲದಿದ್ದರೆ ಬಚಾವಾದ ಪುಣ್ಯವೆಲ್ಲ ಬಾಟಲಿಯ ಪಾಲಾಗುತ್ತದೆ. ಹೃದಯ ಚೆನ್ನಾಗಿದೆ ಎಂದು ಡಾಕ್ಟರು ಹೇಳಿರುವುದರಿಂದ, ಅವರನ್ನು ಕೇಳಿಕೊಂಡು ಮನೆಯಲ್ಲೇ ಮೆಟ್ಟಿಲು ಹತ್ತಿಳಿದು ಎದೆಬಡಿತ ಏರಿಸಿಯೂ ನೋಡಬಹುದು. ಜೋರಾಗಿ ಬಡಿದುಕೊಂಡ ಎದೆ ತಾನಾಗಿ ತಣಿಯುವುದನ್ನು ದೇಹ ಕಲಿಯಲಿ.

ನಿಧಾನವಾಗಿ ಉಸಿರು ಬಿಡುವ ಅಭ್ಯಾಸ ಒಳ್ಳೆಯದೇ. ಆದರೆ ಭಯ ಓಡಿಸಲೆಂದೇ ಉಸಿರು ಎಣಿಸುತ್ತ ಕುಳಿತರೆ ಅದೂ ಇನ್ನೊಂದು ಬಾಟಲಿ ಎಂಬುದು ನನ್ನ ಅಭಿಪ್ರಾಯ. ಫಿಲ್ಟರ್ ಕಾಫಿ ಮಾತ್ರ ಸದ್ಯಕ್ಕೆ ಕಡಿಮೆ ಮಾಡಿ.

ಕಲಿತ ಭಯ ಪೂರ್ತಿ ಅಳಿಸಿಹೋಗುವುದಿಲ್ಲ, ಹೊಸ ಕಲಿಕೆ ಅದರ ಪಕ್ಕದಲ್ಲಿ ಬೆಳೆಯುತ್ತದೆ. ಹಾಗಾಗಿ ಎಷ್ಟೋ ದಿನ ಸರಿಯಿದ್ದು ಮತ್ತೊಮ್ಮೆ ಎದೆ ಡವಡವ ಅಂದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ, ಮಾರನೆಯ ದಿನವೂ ಹತ್ತಿ.

ಒಬ್ಬರೇ ಆಗದಿದ್ದರೆ ಮನೋವೈದ್ಯರನ್ನು ಕಾಣಿ. ಅವರು ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಪರಿಣಾಮ ಬೀರಲು ಕೆಲ ವಾರ ಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಆಲ್‌ಪ್ರಝೊಲಾಮ್ ನುಂಗುವುದು ಬೇಡವೇ ಬೇಡ. ಬೇಗ ಹಿತವಾಗುತ್ತದೆ, ಅಷ್ಟೇ ಬೇಗ ಚಟವೂ ಆಗಬಹುದು. ಕೇಂದ್ರ ಸರ್ಕಾರದ ಟೆಲಿ ಮಾನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.