ಗೋಣಿಸೊಪ್ಪು ಮತ್ತು ಅತ್ತೆಯವರ ಕಿಡ್ನಿ ಕಲ್ಲು

ಮಧುಗಿರಿಯ ಸೋದರಿಗೆ,

ಹೊಲದ ಬದುವಿನ ಗೋಣಿಸೊಪ್ಪನ್ನು ಅತ್ತೆಯವರಿಗೆ ಕೊಡಬಹುದೇ ಎಂದು ಕೇಳಿದ್ದೀರಿ. ಅವರಿಗೆ ಪದೇ ಪದೇ ಕಲ್ಲಾಗುತ್ತಿದೆ ಎಂದಿದ್ದೀರಲ್ಲ, ಬೇಡ.

ಸೊಪ್ಪು ಮಾತ್ರ ಬಹಳ ಒಳ್ಳೆಯದು. ಕರಾವಳಿಯ ಉಪ್ಪುನೆಲದಲ್ಲೂ ಶಿರಾ, ಪಾವಗಡದ ಒಣಭೂಮಿಯಲ್ಲೂ ಬದುಕುತ್ತದೆ. ನೀರು ಸಾಲದಾಗ ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಮುಂಜಾನೆ ಕಿತ್ತ ಎಲೆ ಹೆಚ್ಚು ಹುಳಿ ಇರುವುದು ಅದಕ್ಕೇ. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 300–400 ಮಿಲಿಗ್ರಾಂ ಒಮೆಗಾ-3 ಕೊಬ್ಬು ಸಿಗುತ್ತದೆ, ಸೊಪ್ಪುಗಳಲ್ಲಿ ಇದು ಅಪರೂಪ. ಆದರೆ ಮೀನಿನಲ್ಲಿರುವ ರೂಪಕ್ಕೆ ನಮ್ಮ ದೇಹ ಇದನ್ನು ಬದಲಿಸುವುದು ತೀರಾ ಕಡಿಮೆ. ಇದನ್ನು ನಂಬಿ ಬಿಪಿ, ಶುಗರ್ ಮಾತ್ರೆ ನಿಲ್ಲಿಸಲೇಬೇಡಿ.

ತೊಂದರೆ ಇರುವುದು ಇದರಲ್ಲಿ ಹೆಚ್ಚಾಗಿರುವ, ಕಿಡ್ನಿಯಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟಿನಲ್ಲಿ. ಬೇಯಿಸಿದಾಗ ಅದರ ಒಂದು ಪಾಲು ನೀರಿಗೆ ಇಳಿಯುತ್ತದೆ. ನಮ್ಮ ಬಸ್ಸಾರಿಗೆ ಬಳಸುವುದು ಆ ಬಸಿದ ನೀರನ್ನೇ! ಉಳಿದವರು ಸೊಪ್ಪು ಬಸಿದು ನೀರು ಚೆಲ್ಲಿ, ಪಲ್ಯ ಮಾಡಿ ಮೊಸರಿನ ಜೊತೆ ಉಣ್ಣಲಿ. ಮೊಸರಿನ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಕಿಡ್ನಿಯ ಶಕ್ತಿಯೇ ಕುಗ್ಗಿದವರಿಗೆ ಇದರ ಪೊಟ್ಯಾಸಿಯಂ ಕೂಡ ಭಾರ. ಅಂಥವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಕೀಳುವಾಗ ದಂಟು ಮುರಿದು ನೋಡಿ. ಬಿಳಿ ಹಾಲು ಒಸರಿದರೆ ಅದು ಗೋಣಿಸೊಪ್ಪಲ್ಲ, ಎಸೆದುಬಿಡಿ.